ನಿಯಮ ತಿಳಿದರೆ ತಾನೆ ತಂತ್ರ



ಅಳಗುಳಿಮಣೆಯಲ್ಲಿ ಹುಣಿಸೆಬೀಜ ಎಣಿಸುವವರೂ ಗುಳಿಗೆ ಹಾಕುವವರೂ ಗೆದ್ದದ್ದನ್ನು ಬಾಚಿಕೊಳ್ಳುವವರೂ ಆಡುವವರೇ. ನಿಯಮ ಗೊತ್ತಿಲ್ಲದಿದ್ದರೆ ಆಟ ಒಂದು ಗುಳಿಯೂ ಮುಂದೆ ಹೋಗದು. ಕಂಪ್ಯೂಟರಿನ ಸ್ಟ್ರಾಟೆಜಿ ಗೇಮ್‌ನಲ್ಲಿ ಈ ಲೆಕ್ಕವನ್ನೆಲ್ಲ ಯಂತ್ರ ಮಾಡುತ್ತದೆ. ಆದ್ದರಿಂದಲೇ ನಿಯಮ ಅರಿಯದೆಯೂ ನೂರು ಗಂಟೆ ಆಡಬಹುದು, ಗೆಲ್ಲಲೂಬಹುದು. ಇಂಥ ಆಟಗಳಿಗೆ ವಿವರವಾದ ಕೈಪಿಡಿ ಬೇಕೇ ಎಂಬ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ. ಬೇಕೇ ಬೇಕು ಎಂಬುದು ನನ್ನ ನಿಲುವು.

ಸಿಡ್ ಮೇಯರ್ ಮತ್ತು ಬ್ರೂಸ್ ಶೆಲ್ಲಿ ರೂಪಿಸಿ, ಮೈಕ್ರೋಪ್ರೋಸ್ ಸಂಸ್ಥೆ 1991ರಲ್ಲಿ ಹೊರತಂದ 'ಸಿವಿಲೈಸೇಶನ್' ಆಟವನ್ನೇ ನೋಡಿ. ಡಬ್ಬದೊಳಗೆ ದಪ್ಪನೆಯ ಕೈಪಿಡಿ, ಆಟದೊಳಗೆ 'ಸಿವಿಲೋಪೀಡಿಯ' ಎಂಬ ಕೋಶ, ಎರಡೂ ಇದ್ದವು. ಅದರಲ್ಲಿ ಯುದ್ಧನೌಕೆಯ ದಾಳಿಬಲ 18, ಈಟಿ ಹಿಡಿದ ಫ್ಯಾಲಾಂಕ್ಸ್ ದಳದ ರಕ್ಷಣಾಬಲ 2. ಆದರೂ ಒಮ್ಮೊಮ್ಮೆ ನೌಕೆಯೇ ಮುಳುಗುತ್ತಿತ್ತು. ಆಟಗಾರರಿಗೆ ಅದು ಮೋಸವೆನಿಸಿತು. ಮೋಸವಲ್ಲ, ಇಡೀ ಕಾಳಗ ಒಂದೇ ಏಟಿಗೆ, ಬಲಗಳ ಅನುಪಾತಕ್ಕೆ ತಕ್ಕ ಸಾಧ್ಯತೆಯಂತೆ ತೀರ್ಮಾನವಾಗುತ್ತಿತ್ತು. ದಳ ಗುಡ್ಡದ ಮೇಲಿದ್ದರೆ, ಬೀಡುಬಿಟ್ಟು ಭದ್ರವಾಗಿದ್ದರೆ ಆ 2 ಹಿಗ್ಗುತ್ತಿತ್ತು. ಇದನ್ನು ಬಲ್ಲವನು ಗುಡ್ಡದ ಊರಿನ ಮೇಲೆ ನೌಕೆ ಬಿಡುವ ಮುನ್ನ ತೂಗಿ ನೋಡುತ್ತಿದ್ದ. ಅರಿಯದವನು ಹಣೆಬರಹವನ್ನು ಹಳಿಯುತ್ತಿದ್ದ. ಇಬ್ಬರೂ ಸೋತಿರಬಹುದು. ತಂತ್ರ ಹೂಡಿದವನು ಒಬ್ಬನೇ. ಘಟಕಗಳಿಗೆ ಪ್ರಾಣಬಲ, ಹೊಡೆತದ ಬಲಗಳನ್ನು ಸೇರಿಸಿ 1996ರ ಎರಡನೆಯ 'ಸಿವಿಲೈಸೇಶನ್' ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು.

ಮೌಸ್ ಇಟ್ಟೊಡನೆ ವಿವರಣೆ ತೋರುವ ಟೂಲ್‌ಟಿಪ್ ಇರುವಾಗ ಕೈಪಿಡಿ ಯಾಕೆ ಎನ್ನುವವರಿದ್ದಾರೆ. 2020ರ 'ಕ್ರುಸೇಡರ್ ಕಿಂಗ್ಸ್ 3'ರಲ್ಲಿ ಒಂದು ಪದದ ವಿವರಣೆಯೊಳಗಿನ ಇನ್ನೊಂದು ಪದದ ಮೇಲೆ ಮೌಸ್ ಇಟ್ಟರೆ ಅದರ ವಿವರಣೆಯೂ ತೆರೆದುಕೊಳ್ಳುತ್ತದೆ. ಸೊಗಸಾದ ಕೆಲಸ, ಮನಸಾರೆ ಮೆಚ್ಚುತ್ತೇನೆ. ಆದರೆ ಟೂಲ್‌ಟಿಪ್ ಉತ್ತರಿಸುವುದು ನಮಗೆ ಕೇಳಲು ಹೊಳೆದ ಪ್ರಶ್ನೆಗೆ ಮಾತ್ರ. ತೆರಿಗೆಗೂ ದಂಗೆಗೂ ನಂಟಿದೆ ಎಂಬುದೇ ತಿಳಿಯದವನು ಎಲ್ಲಿ ಮೌಸ್ ಇಟ್ಟಾನು?

ಎಂಟು ಚೌಕ ಅಗಲ, ಎಂಟು ಚೌಕ ಉದ್ದದ ಹಾಸಿನಲ್ಲಿ ಶತ್ರುವಿನ ಮುಂದಿನ ಹೊಡೆತವನ್ನೂ ತೋರಿಸಿಬಿಡುವ 'ಇನ್‌ಟು ದ ಬ್ರೀಚ್'ನಂಥ ಆಟಕ್ಕೆ ಕೈಪಿಡಿ ಬೇಕಿಲ್ಲ, ಒಪ್ಪುತ್ತೇನೆ. ಅಲ್ಲಿ ಪರದೆಯೇ ಕೈಪಿಡಿ.

ತಾನಾಗಿ ಕಂಡುಕೊಳ್ಳುವುದರಲ್ಲೇ ಸುಖ ಎಂಬ ವಾದಕ್ಕೆ ಬೆಲೆಯಿದೆ. ಕಾಣದ ನೆಲ, ಎದುರಾಳಿಯ ಮನಸ್ಸು, ಹೊಸ ಪಟ್ಟು, ಇವನ್ನು ಕಂಡುಕೊಳ್ಳೋಣ. ಕೂಡುವ ಕಳೆಯುವ ಲೆಕ್ಕವನ್ನೂ ಹುದುಗಿಸಿಟ್ಟರೆ ಅದು ಊಹೆಯ ಆಟವಾಗುತ್ತದೆ.

ಉಳಿದದ್ದು ಕಠಿಣವಾದ ಪ್ರಶ್ನೆ. ಆಟ ಬದಲಾಗುತ್ತಲೇ ಇರುತ್ತದೆ. 2010ರ 'ಸಿವಿಲೈಸೇಶನ್ 5'ಕ್ಕೆ 2012ರಲ್ಲಿ ಧರ್ಮ, ಬೇಹುಗಾರಿಕೆ ಸೇರಿದವು. 2013ರಲ್ಲಿ ವ್ಯಾಪಾರದ ಹಾದಿಗಳು ಬಂದವು. ಅಚ್ಚಾದ ಪುಸ್ತಕ ಇದರ ಹಿಂದೆ ಓಡಲಾರದು. ಆಟದ ಜೊತೆಗೇ ತಿದ್ದುಪಡಿಯಾಗುವ ಕೈಪಿಡಿಯನ್ನು ಯಾರು, ಯಾವ ಹಂತದಲ್ಲಿ, ಹೇಗೆ ಬರೆಯಬೇಕು? ಇಂದಿನ ಗೋಷ್ಠಿಗಳು ಹೆಚ್ಚು ಹೊತ್ತು ಇದನ್ನೇ ಚರ್ಚಿಸಲಿ ಎಂಬುದು ನನ್ನ ಆಶಯ.

ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ 'ಶ್ರೀತತ್ತ್ವನಿಧಿ'ಯಲ್ಲಿ ಆಟಗಳನ್ನು ವಿವರಿಸುವ ಕೌತುಕನಿಧಿ ಎಂಬ ಭಾಗವೇ ಇದೆ. ಮಣೆಯಾಟಗಳನ್ನು ಬರೆದಿಡುವುದು ಮೈಸೂರಿಗೆ ಹೊಸದಲ್ಲ. ಇಲ್ಲಿ ಕುಳಿತಿರುವ ಪ್ರೋಗ್ರಾಮರ್‌ಗಳಲ್ಲಿ ನನ್ನ ವಿನಂತಿ ಒಂದೇ: ಒಂದು ನಿಯಮವನ್ನು ಕೋಡ್ ಮಾಡಿದ ದಿನವೇ ಅದನ್ನು ಸರಳ ಕನ್ನಡದಲ್ಲಿ ಒಂದು ವಾಕ್ಯವಾಗಿ ಬರೆದಿಡಿ. ಬರೆಯಲು ಬಾರದಿದ್ದರೆ, ಕೋಡಿಗೆ ಮರಳಿ ಆ ನಿಯಮವನ್ನು ಇನ್ನೊಮ್ಮೆ ನೋಡಿ.