ಎಡತೋಳಿನ ಕಲೆ ಮತ್ತು ಚೆಂಗಲ್ಪಟ್ಟಿನ ಪ್ರಯೋಗ

ದಿನಾ ಗಿಂಡಿಗೆ ಕೆಲಸಕ್ಕೆ ಬರೋ ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲೊಂದು ಬಿಸಿಜಿ ಲಸಿಕಾ ಪ್ರಯೋಗಾಲಯ ಇದೆ ಅನ್ನೋದೇ ಗೊತ್ತಿಲ್ಲ. 1948ರಲ್ಲಿ ಶುರುವಾದದ್ದು. ನಮ್ಮ ಎಡತೋಳಿನ ಮೇಲೆ ಸಣ್ಣ ಕಲೆ ಇರುತ್ತಲ್ಲ, ಅದು ಈ ಬಿಸಿಜಿದೇ, ಕ್ಷಯದ ಲಸಿಕೆ.

1950ರ ದಶಕದಲ್ಲಿ ಬ್ರಿಟನ್ನಿನ ಶಾಲಾ ಮಕ್ಕಳ ಮೇಲೆ ಈ ಲಸಿಕೆಯ ಪ್ರಯೋಗ ನಡೆಯಿತು. ರಕ್ಷಣೆ ಸುಮಾರು ಶೇ. 80. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ನೋಡಿದರೆ ಲಾಭ ಬಹಳ ಕಡಿಮೆ. ಹಾಗಾದ್ರೆ ನಮ್ಮಲ್ಲಿ?

ಅದನ್ನು ತಿಳಿಯೋಕೆ ಐಸಿಎಂಆರ್, ವಿಶ್ವ ಆರೋಗ್ಯ ಸಂಸ್ಥೆ ಸೇರಿ 1968ರಲ್ಲಿ ಅಂದಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ, ಈಗಿನ ತಿರುವಳ್ಳೂರು ಕಡೆ, ದೊಡ್ಡ ಪ್ರಯೋಗಕ್ಕೆ ಇಳಿದವು. ಸುಮಾರು 2.6 ಲಕ್ಷ ಜನ. ಯಾರಿಗೆ ಲಸಿಕೆ, ಯಾರಿಗೆ ಬರೀ ಹುಸಿ ಚುಚ್ಚುಮದ್ದು ಅನ್ನೋದನ್ನ ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಹಂಚಿದರು. ಚುಚ್ಚಿದವರಿಗೂ ಗೊತ್ತಿಲ್ಲ, ಚುಚ್ಚಿಸಿಕೊಂಡವರಿಗೂ ಗೊತ್ತಿಲ್ಲ. ನಾವು ಆಫೀಸಿನಲ್ಲಿ ಎರಡು ವಾರ ಎ/ಬಿ ಟೆಸ್ಟ್ ಓಡಿಸಿ ಸುಸ್ತಾಗ್ತೀವಿ. ಇವರು ಹದಿನೈದು ವರ್ಷ ಹಿಂಬಾಲಿಸಿದರು.

ಏಳೂವರೆ ವರ್ಷದ ಲೆಕ್ಕ ಬಂದಾಗ ಎಲ್ಲರೂ ಬೆಚ್ಚಿಬಿದ್ದರು. ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಲಸಿಕೆಯಿಂದ ರಕ್ಷಣೆಯೇ ಕಾಣಲಿಲ್ಲ. ಹದಿನೈದು ವರ್ಷವಾದ ಮೇಲೂ ಅದೇ ಕಥೆ.

ಪ್ರಯೋಗ ಕೆಟ್ಟಿತ್ತಾ? ನನಗೆ ಹಾಗನ್ನಿಸೋಲ್ಲ. ಬ್ರಿಟನ್ನಿನದೂ ಕೆಟ್ಟಿರಲಿಲ್ಲ. ಎರಡಕ್ಕೂ ಆಂತರಿಕ ಸಿಂಧುತ್ವ, ಅಂದರೆ ಇಂಟರ್ನಲ್ ವ್ಯಾಲಿಡಿಟಿ, ಗಟ್ಟಿಯಾಗೇ ಇತ್ತು. ಅಲ್ಲಿನ ಉತ್ತರ ಅಲ್ಲಿಗೆ, ಇಲ್ಲಿನದು ಇಲ್ಲಿಗೆ. ನಮ್ಮ ಮಣ್ಣು-ನೀರಿನಲ್ಲಿ ಕ್ಷಯದ ರೋಗಾಣುವಿನ ದಾಯಾದಿಗಳು ಬೇಕಾದಷ್ಟಿವೆ. ಅವು ಮೊದಲೇ ದೇಹಕ್ಕೆ ಪರಿಚಯವಾಗಿರೋದ್ರಿಂದ ಲಸಿಕೆ ಹೊಸದಾಗಿ ಸೇರಿಸೋದು ಕಮ್ಮಿ ಅನ್ನೋದು ಒಂದು ಪ್ರಬಲ ವಿವರಣೆ.

ಇನ್ನು ಮನೆಯಲ್ಲಿ ಕೇಳೋ ಪ್ರಶ್ನೆ: ಹಾಗಿದ್ರೆ ನಮ್ಮ ಪಾಪುಗೆ ಯಾಕೆ ಹಾಕಿಸಬೇಕು? ಚೆಂಗಲ್ಪಟ್ಟಿನಲ್ಲಿ ಮುಖ್ಯವಾಗಿ ಅಳೆದದ್ದು ಶ್ವಾಸಕೋಶದ ಕ್ಷಯ. ಎಳೆ ಮಕ್ಕಳ ಮಿದುಳುಪೊರೆಗೆ ತಗಲೋ ಕ್ಷಯ ಬೇರೆ, ಅದು ಪ್ರಾಣಕ್ಕೇ ಬರುತ್ತೆ. ಅದರ ವಿರುದ್ಧ ಬಿಸಿಜಿ ಚೆನ್ನಾಗಿ ಕಾಪಾಡುತ್ತೆ ಅಂತ ತೋರಿಸಿದವುಗಳಲ್ಲಿ ಹೆಚ್ಚಿನವು ಚೀಟಿ ಎತ್ತಿದ ಪ್ರಯೋಗಗಳಲ್ಲ. ಕಾಯಿಲೆ ಬಂದ ಮಕ್ಕಳನ್ನೂ ಬಾರದ ಮಕ್ಕಳನ್ನೂ ಹೋಲಿಸಿ, ಯಾರ ತೋಳಲ್ಲಿ ಕಲೆ ಇದೆ ಅಂತ ನೋಡಿದ ಅಧ್ಯಯನಗಳು. ಲಸಿಕೆ ಹಾಕಿಸೋ ಮನೆ ಸ್ವಲ್ಪ ಅನುಕೂಲಸ್ಥರದೂ ಇರಬಹುದಲ್ಲ ಅನ್ನೋ ಅನುಮಾನ ಅಲ್ಲಿ ಸಹಜ. ಆದರೆ ಬೇರೆ ಬೇರೆ ದೇಶಗಳಲ್ಲಿ ಉತ್ತರ ಹೆಚ್ಚುಕಮ್ಮಿ ಒಂದೇ ಕಡೆ ವಾಲಿದೆ. ನಾನಂತೂ ನನ್ನ ಮಗಳಿಗೆ ಹಾಕಿಸಿದೆ.