ದ್ವೀಪದ ದೊಡ್ಡಸ್ವಾಮಿಯವರು
(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ಶುಭದಿನದಂದು ದೇವಾಲಯದ ಕಟ್ಟಡದ ಚರಿತ್ರೆಯನ್ನು ಹೇಳಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ನಾನಾದರೋ, ಪರಸ್ಥಳದಿಂದ ಬಂದ ಗುರುವೊಬ್ಬರು ಚಿಕ್ಕ ಸಮುದಾಯವೊಂದರಲ್ಲಿ ಹೇಗೆ ನೆಲೆಗೊಳ್ಳುತ್ತಾರೆ ಎಂಬುದನ್ನು ಕುರಿತು ನಾಲ್ಕು ಮಾತನಾಡಬಯಸುತ್ತೇನೆ. ಸಿರಸಂಗಿಯ ಈ ಸೀಮೆಯಲ್ಲಿ ಕ್ರೈಸ್ತರ ಮನೆಗಳು ವಿಶಾಲವಾದ ಎರೆಭೂಮಿಯ ನಡುವಣ ಚಿಕ್ಕ ನಡುಗಡ್ಡೆಗಳಂತಿವೆ. ಆದುದರಿಂದ ನಿಜವಾದ ನಡುಗಡ್ಡೆಯೊಂದರ ಚರಿತ್ರೆಯು ನಮಗೆ ಪರಕೀಯವಾಗಲಾರದು.

ಕಾವೇರಿಯ ಎರಡು ಕವಲುಗಳ ನಡುವೆ ಶ್ರೀರಂಗಪಟ್ಟಣವಿದೆ. ಹದಿನೇಳನೆಯ ಶತಮಾನದ ನಡುವಿನಲ್ಲಿಯೇ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿಯವರು ಅಲ್ಲಿ ಶುಭಸಂದೇಶವನ್ನು ಸಾರಿ, ಕನ್ನಡಕ್ಕೊಂದು ವ್ಯಾಕರಣವನ್ನೂ ರಚಿಸಿದ್ದರು. 1799ರ ಮೇ 4ರಂದು ಕೋಟೆ ಬಿದ್ದಾಗ ಅಲ್ಲಿನ ಕ್ರೈಸ್ತರ ಸ್ಥಿತಿ ಶೋಚನೀಯವಾಗಿತ್ತು. ಟಿಪ್ಪುವಿನ ಕಾಲದಲ್ಲಿ ಸೆರೆಯಾಗಿ ಬಂದು, ಬಲಾತ್ಕಾರದಿಂದ ಮತ ಬಿಟ್ಟವರು ಅವರಲ್ಲಿ ಅನೇಕರು. ಅವರಿಗೆ ಗುರುಗಳಿರಲಿಲ್ಲ, ತಲೆಯೆತ್ತಿ ದೇವಾಲಯಕ್ಕೆ ಬರುವ ಧೈರ್ಯವೂ ಇರಲಿಲ್ಲ.

ಅಂಥವರ ನಡುವೆ ಬಂದವರು ಫ್ರಾನ್ಸಿನ ಅಬ್ಬೆ ದ್ಯುಬುವಾ. 1792ರಲ್ಲಿ ಗುರುದೀಕ್ಷೆ ಪಡೆದು ಭಾರತಕ್ಕೆ ಬಂದ ಅವರನ್ನು ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಸಲಹೆಯಂತೆ ಇಲ್ಲಿಗೆ ಕರೆಸಲಾಯಿತು. ಅಧಿಕಾರಿಗಳ ಆಶ್ರಯದಲ್ಲಿ ಬಂದವರು ಅಧಿಕಾರಿಗಳಂತೆಯೇ ಬಾಳಬಹುದಾಗಿತ್ತು. ಅವರು ಈ ನಾಡಿನ ಉಡುಪನ್ನು ತೊಟ್ಟು, ತಲೆಗೆ ರುಮಾಲು ಸುತ್ತಿ, ಇಲ್ಲಿನವರ ಊಟೋಪಚಾರಗಳನ್ನೇ ತಮ್ಮದಾಗಿಸಿಕೊಂಡರು. ಮತವನ್ನು ಬಿಟ್ಟಿದ್ದವರನ್ನು ಮತ್ತೆ ಧರ್ಮಸಭೆಯ ಮಡಿಲಿಗೆ ಸೇರಿಸಿಕೊಂಡರು. ಗಂಜಾಮಿನಲ್ಲಿ 1800ರಲ್ಲಿ ಕಟ್ಟಿಸಿದ ದೇವಾಲಯವನ್ನು ಇಂದಿಗೂ ಜನರು ಅವರ ಹೆಸರಿನಿಂದಲೇ ಗುರುತಿಸುತ್ತಾರೆ.

ಅವರ ಸೇವೆ ಬಲಿಪೂಜೆಗೆ ಮಾತ್ರ ಮೀಸಲಾಗಿರಲಿಲ್ಲ. ಸಿಡುಬಿನ ಹಾವಳಿಗೆ ಜನರು ತುತ್ತಾಗುತ್ತಿದ್ದ ಕಾಲವದು. ಗೋವಿನ ಸಿಡುಬಿನಿಂದ ತೆಗೆದ ಲಸಿಕೆಯು 1802ರಲ್ಲಿ ಭಾರತವನ್ನು ಮುಟ್ಟಿತು. ಮೈಗೆ ಗಾಯಮಾಡಿ ಹಾಕುವ ಆ ಹೊಸ ಮದ್ದಿಗೆ ಜನರು ಹೆದರುವುದು ಸಹಜವಾಗಿತ್ತು. ಮದ್ದಿನ ಗುಣವನ್ನು ಅರಿಯದವರು ಮದ್ದು ಹಾಕುವವರನ್ನು ನಂಬಬೇಕಷ್ಟೆ. 1803-04ರಲ್ಲಿ 25,432 ಮಂದಿಗೆ ಲಸಿಕೆ ಹಾಕಿಸಿದ ದಾಖಲೆ ಅವರ ಹೆಸರಿನಲ್ಲಿದೆ. ಹಾಸನದ ಕಡೆಯಲ್ಲಿ ಬಡ ಕ್ರೈಸ್ತರಿಗೆ ಸಾಗುವಳಿಯ ನೆಲೆಯನ್ನೂ ಒದಗಿಸಿದರು. ಜಾತಿಮತ ಭೇದವಿಲ್ಲದೆ ಜನರು ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆದರು. ಈ ನಾಡಿನ ಆಚಾರವಿಚಾರಗಳನ್ನು ಕುರಿತು ಅವರು ಬರೆದ ಹಸ್ತಪ್ರತಿಯನ್ನು 1807ರಲ್ಲಿ ಕಂಪನಿ ಸರ್ಕಾರವು ಎರಡು ಸಾವಿರ ವರಹ ಕೊಟ್ಟು ಕೊಂಡಿತು.

ಆದರೆ ಸತ್ಯದ ಇನ್ನೊಂದು ಮುಖವನ್ನೂ ಹೇಳಬೇಕು. 1823ರಲ್ಲಿ ಭಾರತವನ್ನು ಬಿಟ್ಟು ಹೋದ ಅವರು, ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ ತಮ್ಮ ದುಡಿಮೆ ಬಹುಮಟ್ಟಿಗೆ ನಿಷ್ಫಲವಾಯಿತೆಂದೇ ಬರೆದರು. ಸಂಕಟದ ಕಾಲದಲ್ಲಿ ವಿಶ್ವಾಸಕ್ಕಾಗಿ ಎದೆಯೊಡ್ಡಿ ನಿಂತವರು ಯಾರೂ ಇರಲಿಲ್ಲವೆಂದು ತಮ್ಮ ಮಂದೆಯನ್ನೇ ಕಠಿಣವಾಗಿ ದೂರಿದರು. ಅವರು ಮರಳಿ ಇಲ್ಲಿಗೆ ಬರಲಿಲ್ಲ; 1848ರಲ್ಲಿ ಪ್ಯಾರಿಸ್ಸಿನಲ್ಲಿ ನಿಧನರಾದರು.

ಯಾರ ಮಾತನ್ನು ನಾವು ನಂಬಬೇಕು? ಸೋತೆನೆಂದ ಗುರುವಿನ ಮಾತನ್ನೋ, ಸ್ವಾಮಿಯೆಂದು ಕರೆದ ಜನರ ಮಾತನ್ನೋ? ಗುರುವು ತನ್ನ ಫಲವನ್ನು ಜ್ಞಾನಸ್ನಾನಗಳ ಲೆಕ್ಕದಿಂದ ಅಳೆದರು. ಸಿಡುಬಿನಿಂದ ಉಳಿದ ಮಗುವಿನ ತಾಯಿ ಬೇರೊಂದು ಅಳತೆಯಿಂದ ಅಳೆದಳು. ಹೆದರಿ ಮತ ಬಿಟ್ಟವರು ನಾಚಿಕೆಯನ್ನು ನುಂಗಿಕೊಂಡು ಮರಳಿ ಬಾಗಿಲಿಗೆ ಬಂದದ್ದೂ ಒಂದು ಸಾಕ್ಷಿಯೇ ಎಂದು ನನ್ನ ಭಾವನೆ. ಪೇತ್ರನು ಕೂಡ ಕೋಳಿ ಕೂಗುವ ಮುನ್ನ ಮೂರು ಸಲ ಹೆದರಿದವನೇ ಅಲ್ಲವೇ?

1953ರಲ್ಲಿ ಬೆಳಗಾವಿ ಧರ್ಮಕ್ಷೇತ್ರ ಸ್ಥಾಪನೆಯಾಗುವ ಮುನ್ನವೂ ಅನಂತರವೂ ಈ ಕಡೆಗೆ ಬಂದ ಗುರುಗಳಲ್ಲಿ ಅನೇಕರ ತಾಯಿನುಡಿ ಬೇರೆ. ನಮ್ಮ ಜೋಳದ ರೊಟ್ಟಿಯೂ ನಮ್ಮ ಮಾತಿನ ಗಡಸೂ ಅವರಿಗೆ ಹೊಸದಾಗಿದ್ದವು. ಅವರಲ್ಲಿ ಕೆಲವರು ತಮ್ಮ ಶ್ರಮ ವ್ಯರ್ಥವೆಂದು ಕೊರಗಿಕೊಂಡೇ ವರ್ಗವಾಗಿ ಹೋಗಿರಬಹುದು. ಗುರುಗಳು ಜನರಿಗೆ ಒಗ್ಗಿಕೊಳ್ಳುವುದು ಅರ್ಧ ಕೆಲಸ. ಅವರಿಂದ ನಮಗಾದ ಉಪಕಾರವನ್ನು ಅವರು ಇಲ್ಲಿರುವಾಗಲೇ ಬಾಯಿಬಿಟ್ಟು ಹೇಳುವುದು ನಮ್ಮ ಪಾಲಿನ ಅರ್ಧ. ಈ ಶತಮಾನೋತ್ಸವದಲ್ಲಿ ಆ ಋಣವನ್ನು ಸ್ಮರಿಸೋಣ. ಪ್ರಭು ಯೇಸುಕ್ರಿಸ್ತರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.