ಅಳಿವೆಯೇ ಪಾಠಶಾಲೆ: ಯುಜೀನ್ ಓಡಮ್ ಅವರ ಸಂಶೋಧನೆ ಮತ್ತು ಬೋಧನೆ



ಇವತ್ತು ನಾನು ಮಾತಾಡಲಿರುವುದು ಅಮೆರಿಕದ ಪರಿಸರ ವಿಜ್ಞಾನಿ ಯುಜೀನ್ ಓಡಮ್ ಅವರ ಬಗ್ಗೆ. ಪ್ರಾಣಿಶಾಸ್ತ್ರವನ್ನೋ ಸಸ್ಯಶಾಸ್ತ್ರವನ್ನೋ ಎಂ.ಎಸ್ಸಿ. ಮಟ್ಟದಲ್ಲಿ ಓದಿದವರಿಗೆ ಈ ಹೆಸರು ಹೊಸದಲ್ಲ. ಅವರ ‘ಫಂಡಮೆಂಟಲ್ಸ್ ಆಫ್ ಇಕಾಲಜಿ’ ಪುಸ್ತಕದಿಂದ ಟಿಪ್ಪಣಿ ಬರೆದುಕೊಂಡು ಪರೀಕ್ಷೆ ಪಾಸಾದವರು ನಮ್ಮ ನಡುವೆ ಅನೇಕರಿದ್ದೀರಿ. ಆದರೆ ಆ ಹೆಸರಿನ ಹಿಂದೆ ಒಂದು ಅಳಿವೆ ಇದೆ, ಮೊಣಕಾಲುದ್ದದ ಕೆಸರಿದೆ, ಉಪ್ಪುನೀರಿನಲ್ಲಿ ಬೆಳೆಯುವ ಹುಲ್ಲಿದೆ. ಓಡಮ್ ಅವರಿಗೆ ಆ ಕೆಸರಿನ ಸಂಶೋಧನೆಯೂ ತರಗತಿಯ ಪಾಠವೂ ಒಂದೇ ಕೆಲಸವಾಗಿತ್ತು. ಹಾಗಿದ್ದುದರಿಂದಲೇ ಒಂದು ರಾಜ್ಯದ ಕರಾವಳಿ ಉಳಿಯಿತು. ಇದನ್ನೇ ನಾನು ನಿಮ್ಮ ಮುಂದೆ ಇಡಬೇಕೆಂದಿರುವುದು.

ಓಡಮ್ ಹುಟ್ಟಿದ್ದು 1913ರ ಸೆಪ್ಟೆಂಬರ್ 17ರಂದು. ತಂದೆ ಹೋವರ್ಡ್ ವಾಷಿಂಗ್ಟನ್ ಓಡಮ್ ಅಮೆರಿಕದ ದಕ್ಷಿಣ ರಾಜ್ಯಗಳ ಸಮಾಜವನ್ನು ಅಧ್ಯಯನ ಮಾಡಿದ ದೊಡ್ಡ ಸಮಾಜಶಾಸ್ತ್ರಜ್ಞ. ಜನ, ಭೂಮಿ, ದುಡಿಮೆ ಇವನ್ನೆಲ್ಲ ಒಟ್ಟಿಗೇ ಇಟ್ಟು ನೋಡಬೇಕೆಂಬುದು ತಂದೆಯ ವಿಚಾರ. ಮಗ ಅದೇ ದೃಷ್ಟಿಯನ್ನು ನಿಸರ್ಗದ ಕಡೆಗೆ ತಿರುಗಿಸಿದರು. ಹುಡುಗನಾಗಿದ್ದಾಗಿನಿಂದ ಅವರಿಗೆ ಹಕ್ಕಿಗಳ ಹುಚ್ಚು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್‌ಗೆ ಆರಿಸಿಕೊಂಡದ್ದೂ ಹಕ್ಕಿಗಳ ಹೃದಯ ಬಡಿತವನ್ನೇ. ಮರದ ಮೇಲಿನ ಹಕ್ಕಿಯನ್ನು ಗುರುತಿಸಿ ಹೆಸರು ಬರೆದುಕೊಂಡರೆ ಅವರಿಗೆ ಸಾಲುತ್ತಿರಲಿಲ್ಲ. ಆ ಜೀವ ಹೇಗೆ ನಡೆಯುತ್ತದೆ, ಎಷ್ಟು ಶಕ್ತಿಯನ್ನು ಖರ್ಚು ಮಾಡುತ್ತದೆ ಎಂಬುದು ಅವರ ಪ್ರಶ್ನೆ. ಮುಂದೆ ಒಂದಿಡೀ ಅಳಿವೆಯ ಎದುರು ನಿಂತಾಗಲೂ ಅವರು ಕೇಳಿದ್ದು ಇದನ್ನೇ.

1940ರಲ್ಲಿ ಅವರು ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಬಂದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಜೀವಶಾಸ್ತ್ರದ ಪಠ್ಯಕ್ರಮವನ್ನು ಹೊಸದಾಗಿ ರೂಪಿಸುವ ಚರ್ಚೆ ನಡೆಯಿತು. ಎಲ್ಲ ವಿದ್ಯಾರ್ಥಿಗಳೂ ಕಡ್ಡಾಯವಾಗಿ ಓದಬೇಕಾದ ವಿಷಯಗಳಲ್ಲಿ ಇಕಾಲಜಿಯೂ ಸೇರಲಿ ಎಂದು ಓಡಮ್ ಸೂಚಿಸಿದರು. ಸಹೋದ್ಯೋಗಿಗಳು ನಕ್ಕರಂತೆ. ಹೊರಗೆ ಹೋಗಿ ಗಿಡ, ಹುಳು, ಹಕ್ಕಿಗಳ ಪಟ್ಟಿ ಮಾಡಿಕೊಂಡು ಬರುವುದಕ್ಕೆ ತತ್ವ ಯಾವುದು, ಅದರಲ್ಲಿ ಕಲಿಸಬೇಕಾದದ್ದು ಏನಿದೆ ಎಂಬುದು ಅವರ ಅನಿಸಿಕೆ. ಈ ಪ್ರಸಂಗವನ್ನು ಓಡಮ್ ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ. ಆ ನಗುವಿಗೆ ಅವರು ಕೊಟ್ಟ ಉತ್ತರ ಒಂದು ಪಠ್ಯಪುಸ್ತಕ. 1953ರಲ್ಲಿ ‘ಫಂಡಮೆಂಟಲ್ಸ್ ಆಫ್ ಇಕಾಲಜಿ’ ಹೊರಬಂತು. ತಮ್ಮ ಹೋವರ್ಡ್ ಟಿ. ಓಡಮ್ ಅದರಲ್ಲಿ ಶಕ್ತಿಯ ಹರಿವಿನ ಭಾಗಕ್ಕೆ ನೆರವಾದರು.

ಅಲ್ಲಿಯವರೆಗಿನ ಪಾಠಕ್ರಮ ಒಂದೊಂದೇ ಜೀವಿಯಿಂದ ಶುರುವಾಗಿ ಕ್ರಮೇಣ ಸಮುದಾಯದತ್ತ ಹೋಗುತ್ತಿತ್ತು. ಓಡಮ್ ಮೊದಲ ಅಧ್ಯಾಯಗಳಲ್ಲೇ ಇಡೀ ವ್ಯವಸ್ಥೆಯನ್ನು ತಂದಿಟ್ಟರು. ಬ್ರಿಟಿಷ್ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್‌ಲಿ 1935ರಲ್ಲಿ ಮುಂದಿಟ್ಟಿದ್ದ ಪರಿಸರ ವ್ಯವಸ್ಥೆಯ ಕಲ್ಪನೆ ಈ ಪುಸ್ತಕದಿಂದ ತರಗತಿಯ ಮೂಲಪಾಠವಾಯಿತು. ಸೂರ್ಯನಿಂದ ಬಂದ ಶಕ್ತಿ ಎಲ್ಲಿಗೆ ಹೋಗುತ್ತದೆ, ರಂಜಕ ಮತ್ತು ಸಾರಜನಕ ಹೇಗೆ ಸುತ್ತುತ್ತವೆ, ಯಾರು ಯಾರನ್ನು ತಿನ್ನುತ್ತಾರೆ ಎಂಬ ಲೆಕ್ಕ ಮೊದಲು. ಬಿಡಿ ಜೀವಿಗಳ ಕಥೆ ಆಮೇಲೆ. 1959 ಮತ್ತು 1971ರ ಆವೃತ್ತಿಗಳ ಹೊತ್ತಿಗೆ ಈ ಪುಸ್ತಕ ಜಗತ್ತಿನ ಹಲವು ಭಾಷೆಗಳಿಗೆ ಹೋಗಿತ್ತು. ಭಾರತದ ವಿಶ್ವವಿದ್ಯಾಲಯಗಳಲ್ಲಿ ಇಕಾಲಜಿ ಕಲಿತ ಒಂದಿಡೀ ತಲೆಮಾರು ಇದನ್ನೇ ಓದಿತು.

ಪುಸ್ತಕ ಬಂದ ವರ್ಷವೇ ಇನ್ನೊಂದು ಕೆಲಸವೂ ಆರಂಭವಾಯಿತು. ಜಾರ್ಜಿಯಾದ ಕರಾವಳಿಯಲ್ಲಿ ಸಪೆಲೊ ಎಂಬ ದ್ವೀಪವಿದೆ. ಗುಲಾಮಗಿರಿಯ ಕಾಲದಲ್ಲಿ ಆಫ್ರಿಕಾದಿಂದ ಎಳೆತಂದವರ ಸಂತತಿಯಾದ ಗಲ್ಲಾ ಗೀಚಿ ಜನ ತಲೆಮಾರುಗಳಿಂದ ಅಲ್ಲಿ ಬದುಕಿದ್ದಾರೆ. ಉಬ್ಬರ ಇಳಿತಗಳನ್ನು, ಮೀನಿನ ಜಾಡನ್ನು ವಿಜ್ಞಾನಿಗಳಿಗಿಂತ ಎಷ್ಟೋ ಮೊದಲು ಅರಿತವರು ಅವರು. ಆಗ ದ್ವೀಪದ ಬಹುಪಾಲು ತಂಬಾಕು ಉದ್ಯಮದ ಸಿರಿವಂತ ಆರ್. ಜೆ. ರೆನಾಲ್ಡ್ಸ್ ಜೂನಿಯರ್ ಅವರ ಕೈಯಲ್ಲಿತ್ತು. ಅಲ್ಲಿ ಸಂಶೋಧನೆ ನಡೆಸಲು ಜಾಗ ಕೊಡುವಂತೆ ಓಡಮ್ ಮತ್ತು ಸಹೋದ್ಯೋಗಿಗಳು ಅವರನ್ನು ಒಪ್ಪಿಸಿದರು. ಹಳೆಯ ಹಾಲಿನ ಡೇರಿಯ ಕಟ್ಟಡಗಳು ಪ್ರಯೋಗಾಲಯವಾದವು. 1953ರಲ್ಲಿ ಹೀಗೆ ಶುರುವಾದದ್ದೇ ಇವತ್ತು ಜಾರ್ಜಿಯಾ ವಿಶ್ವವಿದ್ಯಾಲಯದ ಸಾಗರ ಸಂಸ್ಥೆ.

ಸಪೆಲೊ ಸುತ್ತ ಕಣ್ಣು ಹಾಯುವಷ್ಟು ದೂರ ಉಪ್ಪುಜೌಗು. ಅದರಲ್ಲಿ ಮುಖ್ಯವಾಗಿ ಒಂದೇ ಹುಲ್ಲು, ಸ್ಪಾರ್ಟಿನಾ. ದಿನಕ್ಕೆರಡು ಬಾರಿ ಎರಡು ಮೂರು ಮೀಟರ್ ಉಬ್ಬರ ಏರಿ ಆ ಹುಲ್ಲುಗಾವಲಿನೊಳಗೆ ನುಗ್ಗಿ, ಮತ್ತೆ ಸಣ್ಣ ದೊಡ್ಡ ತೊರೆಗಳಲ್ಲಿ ಇಳಿದು ಹೋಗುತ್ತದೆ. ಉಳುಮೆಗೆ ಬಾರದ, ಮನೆ ಕಟ್ಟಲಾಗದ ಇಂಥ ನೆಲ ಆಗಿನ ಎಲ್ಲರ ಕಣ್ಣಿಗೂ ಪಾಳು. ಹೂಳು ತುಂಬಿಸಿ ಒಣನೆಲ ಮಾಡುವುದೇ ಅಭಿವೃದ್ಧಿ ಎಂದು ಸರ್ಕಾರಗಳೂ ನಂಬಿದ್ದ ಕಾಲ ಅದು.

ಸಪೆಲೊಗೆ ಬಂದ ತರುಣ ವಿಜ್ಞಾನಿಗಳು ಆ ಪಾಳುನೆಲದ ಜಮಾಖರ್ಚು ಬರೆಯಲು ಕೂತರು. ಹುಲ್ಲು ಎಷ್ಟು ಬೆಳೆಯುತ್ತದೆ, ಮಿಡತೆ ಎಷ್ಟು ತಿನ್ನುತ್ತದೆ, ಏಡಿಗಳು ಎಷ್ಟು ಉಸಿರಾಡುತ್ತವೆ, ಮಣ್ಣಿನ ಬ್ಯಾಕ್ಟೀರಿಯಾ ಎಷ್ಟು ಸುಡುತ್ತವೆ ಎಂದು ಒಬ್ಬೊಬ್ಬರು ಒಂದೊಂದನ್ನು ಅಳೆದರು. ಜಾನ್ ಟೀಲ್ ಇವನ್ನೆಲ್ಲ ಕೂಡಿಸಿ 1962ರಲ್ಲಿ ಪ್ರಕಟಿಸಿದ ಪ್ರಬಂಧ ಅಳಿವೆ ವಿಜ್ಞಾನದ ಒಂದು ಮೈಲಿಗಲ್ಲು. ಹಸಿರಾಗಿದ್ದಾಗ ಹುಲ್ಲನ್ನು ತಿನ್ನುವ ಜೀವಿಗಳು ತೀರಾ ಕಡಿಮೆ. ಹುಲ್ಲು ಸತ್ತು, ಕೊಳೆತು, ಪುಡಿಯಾದ ಮೇಲೆಯೇ ಊಟ ಶುರು. ಸ್ಥಳೀಯ ಜೀವಿಗಳೆಲ್ಲ ಉಂಡ ಮೇಲೂ ನಿವ್ವಳ ಉತ್ಪನ್ನದ ಸುಮಾರು ಶೇ. 45ರಷ್ಟು ಮಿಕ್ಕುತ್ತದೆ, ಅದನ್ನು ಇಳಿತ ಹೊರಗೆ ಒಯ್ಯುತ್ತದೆ ಎಂದು ಟೀಲ್ ಲೆಕ್ಕ ಹಾಕಿದರು. ಓಡಮ್ ತಮ್ಮ ಶಿಷ್ಯ ಅರ್ಮಾಂಡೊ ಡಿ ಲಾ ಕ್ರೂಜ್ ಜೊತೆ 1967ರಲ್ಲಿ ಈ ಕೊಳೆತ ಪುಡಿಯ ಬಗ್ಗೆಯೇ ಬರೆದರು. ಸೂಕ್ಷ್ಮಜೀವಿಗಳು ಹತ್ತಿಕೊಂಡ ಪುಡಿ ಮೂಲ ಹುಲ್ಲಿಗಿಂತ ಒಳ್ಳೆಯ ಆಹಾರ ಎಂಬುದು ಅದರಲ್ಲಿ ಕಂಡ ಸತ್ಯ. ಸಿಗಡಿ, ಏಡಿ, ಚಿಪ್ಪುಜೀವಿಗಳ ಹೊಟ್ಟೆ ತುಂಬುವುದು ಹೀಗೆ.

ಇಷ್ಟೊಂದು ಫಲವತ್ತತೆ ಎಲ್ಲಿಂದ ಬಂತು? ಓಡಮ್ ಅವರ ಉತ್ತರ ಉಬ್ಬರ ಇಳಿತದಲ್ಲಿದೆ. ಗದ್ದೆಯಲ್ಲಿ ರೈತ ನೀರು ಹಾಯಿಸುತ್ತಾನೆ, ಗೊಬ್ಬರ ಹಾಕುತ್ತಾನೆ, ಬೇಡದ್ದನ್ನು ಬಸಿದು ತೆಗೆಯುತ್ತಾನೆ. ಜೌಗಿನಲ್ಲಿ ಈ ಚಾಕರಿಯನ್ನೆಲ್ಲ ಸಮುದ್ರವೇ ಪುಕ್ಕಟೆ ಮಾಡುತ್ತದೆ. ಹುಲ್ಲು ತನ್ನ ಶಕ್ತಿಯನ್ನು ಬೆಳೆಯುವುದಕ್ಕೇ ಮೀಸಲಿಡಬಹುದು. ಇದನ್ನು ಅವರು ಶಕ್ತಿಯ ಸಹಾಯಧನ ಎಂದು ಕರೆದರು. ಜೌಗಿನ ಮಿಗುತೆ ಕರಾವಳಿಯ ನೀರಿಗೆ ಹರಿದು ಅಲ್ಲಿನ ಮೀನುಗಾರಿಕೆಯನ್ನು ಪೋಷಿಸುತ್ತದೆ ಎಂಬ ಹೊರಹರಿವಿನ ಸಿದ್ಧಾಂತವನ್ನು 1968ರಲ್ಲಿ ಮುಂದಿಟ್ಟರು.

ಅದೇ ವರ್ಷ ಈ ವಿಜ್ಞಾನಕ್ಕೆ ಬೀದಿಯ ಪರೀಕ್ಷೆ ಎದುರಾಯಿತು. ಕರ್-ಮೆಗೀ ಎಂಬ ಕಂಪನಿ ಸವಾನಾ ನಗರದ ಬಳಿಯ ಜೌಗು ಮತ್ತು ಸಮುದ್ರತಳದಲ್ಲಿ ಫಾಸ್ಫೇಟ್ ಗಣಿಗಾರಿಕೆಗೆ ಮುಂದಾಯಿತು. ಗಣಿಯ ಮಣ್ಣಿನಿಂದ ಜೌಗು ತುಂಬಿಸಿ ಹೊಸ ನೆಲ ಮಾಡಿಕೊಡುತ್ತೇವೆ ಎಂಬ ಆಸೆಯೂ ಅದರೊಡನೆ ಇತ್ತು. ಹದಿನೈದು ವರ್ಷ ಮೊದಲು ಈ ಪ್ರಸ್ತಾವ ಬಂದಿದ್ದರೆ ವಿರೋಧಿಸಲು ಯಾರ ಬಳಿಯೂ ಅಂಕಿ ಅಂಶ ಇರುತ್ತಿರಲಿಲ್ಲ. ಈಗ ಸಪೆಲೊ ಇತ್ತು. ಓಡಮ್ ಸಭೆಗಳಿಗೆ ಹೋಗಿ, ವಿದ್ಯಾರ್ಥಿಗಳಿಗೆ ಹೇಳುವಷ್ಟೇ ತಾಳ್ಮೆಯಿಂದ ಜೌಗಿನ ಲೆಕ್ಕವನ್ನು ಜನರಿಗೆ ಬಿಡಿಸಿ ಹೇಳಿದರು. ಗಣಿ ಬರಲಿಲ್ಲ. ಕರಾವಳಿಯ ಶಾಸಕ ರೀಡ್ ಹ್ಯಾರಿಸ್ ಮಂಡಿಸಿದ ಜೌಗು ಸಂರಕ್ಷಣಾ ಮಸೂದೆ 1970ರಲ್ಲಿ ಕಾಯಿದೆಯಾಯಿತು. ಸುಮಾರು 100 ಮೈಲಿ ಉದ್ದದ ಆ ಪುಟ್ಟ ಕರಾವಳಿಯಲ್ಲಿ ಇವತ್ತಿಗೂ ಅಮೆರಿಕದ ಪೂರ್ವ ತೀರದ ಉಪ್ಪುಜೌಗಿನ ಸುಮಾರು ಮೂರರಲ್ಲೊಂದು ಪಾಲು ಉಳಿದಿದೆ.

ಮಿತ್ರರೇ, ವಿಜಯದ ಕಥೆ ಇಲ್ಲಿಗೇ ನಿಂತಿದ್ದರೆ ನಾನು ಓಡಮ್ ಅವರನ್ನು ಇಷ್ಟು ಗೌರವಿಸುತ್ತಿರಲಿಲ್ಲವೇನೋ. 1970ರ ದಶಕದಲ್ಲಿ ಸಪೆಲೊದಲ್ಲೇ ಕೆಲಸ ಮಾಡುತ್ತಿದ್ದ ಎವೆಲಿನ್ ಹೇನ್ಸ್, ಇಂಗಾಲ ಯಾವ ಸಸ್ಯದ್ದೆಂದು ಗುರುತಿಸಲು, ಅದರ ಸಮಸ್ಥಾನಿಗಳನ್ನು (ಐಸೋಟೋಪ್‌ಗಳನ್ನು) ಅಳೆದು ನೋಡಿದರು. ತೀರದ ಆಚೆಯ ನೀರಿನಲ್ಲಿ ತೇಲುವ ಇಂಗಾಲ ಸ್ಪಾರ್ಟಿನಾ ಹುಲ್ಲಿನದ್ದರಂತೆ ಇರಲಿಲ್ಲ. ಅದು ಸಸ್ಯಪ್ಲವಕಗಳ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳ ಇಂಗಾಲವನ್ನು ಹೋಲುತ್ತಿತ್ತು. 1980ರಲ್ಲಿ ಸ್ಕಾಟ್ ನಿಕ್ಸನ್ ಇಪ್ಪತ್ತು ವರ್ಷಗಳ ಅಧ್ಯಯನಗಳನ್ನೆಲ್ಲ ಜಾಲಾಡಿ, ಹೊರಹರಿವಿನ ಮಾತಿಗೆ ಇರುವ ಆಧಾರ ನಾವು ಅಂದುಕೊಂಡಷ್ಟು ಗಟ್ಟಿಯಲ್ಲ ಎಂದು ಬರೆದರು. ಆಗ ಓಡಮ್ ಜಗತ್ಪ್ರಸಿದ್ಧರು. ಸುಮ್ಮನಿರಬಹುದಿತ್ತು. ಆದರೆ ಅದೇ ವರ್ಷ ಅವರು ಉಬ್ಬರದ ಸಹಾಯ, ಹೊರಹರಿವು, ಕೊಳೆತ ಪುಡಿಯ ಆಹಾರ ಸರಪಳಿ ಎಂಬ ತಮ್ಮ ಮೂರೂ ಊಹೆಗಳನ್ನು ಮತ್ತೆ ಒರೆಗೆ ಹಚ್ಚಿ, ಯಾವುದು ಎಷ್ಟು ನಿಂತಿದೆ ಎಂದು ಪ್ರಬಂಧ ಬರೆದರು. ಹೊರಹರಿವು ಎಲ್ಲ ಅಳಿವೆಗೂ ಒಂದೇ ರೀತಿ ಅನ್ವಯಿಸದು, ಅಳಿವೆಯ ಆಕಾರ, ಉಬ್ಬರದ ಎತ್ತರ, ಮಳೆ ಪ್ರವಾಹಗಳಿಗೆ ತಕ್ಕಂತೆ ಬದಲಾಗುತ್ತದೆ ಎಂಬ ತಿಳಿವಳಿಕೆ ಹೀಗೆ ಬೆಳೆಯಿತು. ಮರಿ ಮೀನು, ಸಿಗಡಿಗಳಿಗೆ ಜೌಗು ತೊಟ್ಟಿಲು ಎಂಬ ಮಾತಿಗೆ ಇದರಿಂದ ಕುಂದು ಬರಲಿಲ್ಲ.

ಒಬ್ಬ ಮೇಷ್ಟ್ರ ಅಳತೆಗೋಲು ಇದೇ ಎಂದು ನನಗನಿಸುತ್ತದೆ. ತಮ್ಮ ಮಾತನ್ನು ಪರೀಕ್ಷಿಸಬಲ್ಲ ಸಾಧನವನ್ನೂ ಧೈರ್ಯವನ್ನೂ ಕಿರಿಯರ ಕೈಗೆ ಕೊಟ್ಟವರು ಅವರು. 1967ರಲ್ಲಿ ಕಟ್ಟಿದ ಇಕಾಲಜಿ ಸಂಸ್ಥೆಯನ್ನು 1984ರಲ್ಲಿ ನಿವೃತ್ತರಾಗುವವರೆಗೆ ನಡೆಸಿದರು. 1987ರಲ್ಲಿ ಸ್ವೀಡನ್ನಿನ ಕ್ರಾಫೋರ್ಡ್ ಪ್ರಶಸ್ತಿ ಅಣ್ಣ ತಮ್ಮ ಇಬ್ಬರಿಗೂ ಕೂಡಿ ಬಂತು. 2002ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. 2007ರಲ್ಲಿ ಆ ಸಂಸ್ಥೆ ಅವರದೇ ಹೆಸರಿನ ಪೂರ್ಣ ಪ್ರಮಾಣದ ಇಕಾಲಜಿ ಶಾಲೆಯಾಯಿತು. ಇಕಾಲಜಿಯಲ್ಲಿ ಕಲಿಸುವಂಥದ್ದು ಏನಿದೆ ಎಂದು ನಕ್ಕ ವಿಶ್ವವಿದ್ಯಾಲಯವೂ ಅದೇ.

ಇನ್ನು ನಮ್ಮ ಕಡೆಗೆ ಬರೋಣ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ: ಉತ್ತರ ಕನ್ನಡ ಒಂದೇ ಜಿಲ್ಲೆಯಲ್ಲಿ ನಾಲ್ಕು ದೊಡ್ಡ ಅಳಿವೆಗಳು. ನಮ್ಮಲ್ಲಿ ಸ್ಪಾರ್ಟಿನಾ ಜಾಗದಲ್ಲಿ ಕಾಂಡ್ಲ (ಮ್ಯಾಂಗ್ರೋವ್) ಕಾಡಿದೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯಿದೆ, ಉಪ್ಪು ತಾಳುವ ಕಗ್ಗ ಭತ್ತವಿದೆ. ಆದ್ದರಿಂದ ಸಪೆಲೊದ ಅಂಕಿಗಳನ್ನು ಹಾಗೆಯೇ ತಂದು ಇಲ್ಲಿ ಅಂಟಿಸಲಾಗದು. ಅಲ್ಲಿ ಕೇಳಿದ ಪ್ರಶ್ನೆಗಳನ್ನು ಮಾತ್ರ ಇಲ್ಲೂ ಕೇಳಲೇಬೇಕು. ಶರಾವತಿಯಲ್ಲಿ ವಿದ್ಯುದಾಗಾರಗಳಿಂದ ಹರಿದು ಬರುವ ಸಿಹಿನೀರು ಹೊನ್ನಾವರದ ಅಳಿವೆಯ ಉಪ್ಪಿನಂಶವನ್ನು ಇಳಿಸಿತು, ಉಪ್ಪು ಇಳಿದಂತೆ ಬಳಚು ಎಂಬ ಚಿಪ್ಪುಜೀವಿ ಕಾಣೆಯಾಯಿತು. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಸಾವಿರಾರು ಜನ ಬಳಚು ಹೆಕ್ಕಿ, ಸಿಗಡಿ ಹಿಡಿದು ಬದುಕುತ್ತಿದ್ದಾರೆ. ಮಲೆನಾಡಿನ ಬೆಟ್ಟದಲ್ಲಿ ಮಾಡಿದ ತೀರ್ಮಾನ ಕಡಲ ಬಾಯಲ್ಲಿ ಬುಟ್ಟಿ ಹಿಡಿದು ನಿಂತ ಹೆಂಗಸಿನ ದುಡಿಮೆಯನ್ನು ತಟ್ಟುತ್ತದೆ. ಇಡೀ ವ್ಯವಸ್ಥೆಯನ್ನು ಒಟ್ಟಿಗೆ ನೋಡಿ ಎಂದು ಓಡಮ್ ಜೀವಮಾನವೆಲ್ಲ ಹೇಳಿದ್ದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಕಿಲ್ಲ.

2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ ಮಾನ್ಯತೆ ಸಿಕ್ಕಿದೆ. ಸಂತೋಷದ ಸಂಗತಿ. ಆದರೆ ಮಾನ್ಯತೆಯ ಫಲಕ ಅಳಿವೆಯನ್ನು ಕಾಯುವುದಿಲ್ಲ. ಅದನ್ನು ಬಲ್ಲ ಜನ ಕಾಯುತ್ತಾರೆ. ಇಲ್ಲಿ ಕೂತಿರುವ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ. ವರ್ಷಕ್ಕೆ ಒಂದು ಸಲವಾದರೂ ನಿಮ್ಮ ತರಗತಿಯನ್ನು ಇಳಿತದ ಹೊತ್ತಿಗೆ ಹತ್ತಿರದ ಅಳಿವೆಗೆ ಕರೆದುಕೊಂಡು ಹೋಗಿ. ನೀರಿನ ಉಪ್ಪನ್ನು, ಕಾಂಡ್ಲದ ಎಲೆಯುದುರನ್ನು, ಕೆಸರಿನ ಜೀವಿಗಳನ್ನು ಮಕ್ಕಳ ಕೈಯಿಂದಲೇ ಅಳೆಸಿ, ಬರೆಸಿ, ಆ ದಾಖಲೆಯನ್ನು ಕಾಲೇಜಿನಲ್ಲಿ ಜೋಪಾನವಾಗಿಡಿ. ಬಳಚು ತೆಗೆಯುವವರನ್ನೂ ಕಗ್ಗ ಬೆಳೆಯುವವರನ್ನೂ ಗುರುಗಳೆಂದು ಕರೆದು ತರಗತಿಗೆ ಕೂರಿಸಿ ಮಾತಾಡಿಸಿ. ನಾಳೆ ಯಾವುದೇ ಯೋಜನೆ ನಮ್ಮ ಅಳಿವೆಯ ಬಾಗಿಲಿಗೆ ಬಂದಾಗ ಅದರ ಲಾಭ ನಷ್ಟವನ್ನು ಸಾಕ್ಷಿ ಸಮೇತ ಹೇಳಬಲ್ಲವರು ಈ ಊರಿನಲ್ಲೇ ಇರಬೇಕು. ಅವರನ್ನು ತಯಾರು ಮಾಡುವ ಕೆಲಸವನ್ನು ಈ ವರ್ಷವೇ ಶುರು ಮಾಡೋಣ.